ಓಹಾಯೊ ಸ್ಟೇಟ್ ತಂಡಕ್ಕೆ ಒಂದೇ ಜಾಗಕ್ಕೆ ಇಬ್ಬರು ಸ್ಟಾರ್ ರನ್ನಿಂಗ್ ಬ್ಯಾಕ್‌ಗಳು ಯಾಕೆ? 2024ರ ಸೀಸನ್ ಹೇಗಿರಬಹುದು?

ಇದು 2024ರ ಸೀಸನ್ ಶುರುವಾಗುವ ಮುಂಚಿನ ಮಾತು. ಎಂ.ಎಸ್. ಮಾಡಲು ಈಗಷ್ಟೇ ಅಮೆರಿಕದ ಕೊಲಂಬಸ್‌ಗೆ, ಅಂದರೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಊರಿಗೆ ಬಂದಿದ್ದೀರಿ. ಲ್ಯಾಬ್‌ನಲ್ಲಿ ಎಲ್ಲರ ಬಾಯಲ್ಲೂ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ರನ್ನಿಂಗ್ ಬ್ಯಾಕ್‌ಗಳಾದ ಹೆಂಡರ್ಸನ್, ಜಡ್‌ಕಿನ್ಸ್ ಹೆಸರೇ. ಇಬ್ಬರ ಮಧ್ಯೆ ಪೈಪೋಟಿ ಆಗಿ ತಂಡ ಕೆಡುವುದಿಲ್ಲವಾ ಅಂತ ಕೇಳಿದ್ದೀರಿ. ನಾನು ಈ ಊರಿಗೆ ಬಂದು ಹನ್ನೆರಡು ವರ್ಷ ಆಯಿತು. ಅಂದಿನಿಂದ ಒಂದು ಸೀಸನ್ನೂ ಬಿಟ್ಟಿಲ್ಲ. ಇಬ್ಬರೂ ಇರುವುದು ಒಳ್ಳೆಯದೇ. ನನಗೆ ಚಿಂತೆ ಇರುವುದು ಮೂರನೆಯವನ ಬಗ್ಗೆ.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ತಂಡದ ದಾಳಿ ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್. ಅವನ ಕೈಯಿಂದ ಚೆಂಡು ಇಸಿದುಕೊಂಡು, ತನ್ನವರು ತಳ್ಳಿ ಮಾಡಿಕೊಟ್ಟ ಸಂದಿಯಲ್ಲಿ ನುಗ್ಗುವವನು ರನ್ನಿಂಗ್ ಬ್ಯಾಕ್. ಕಬಡ್ಡಿ ರೈಡರ್ ನೆನಪಿಸಿಕೊಳ್ಳಿ. ಇಲ್ಲಿ ಹಿಡಿಯಲು ಬರುವವರಲ್ಲಿ ನೂರಿಪ್ಪತ್ತು ಕೆಜಿ ಮೀರಿದವರೂ ಇರುತ್ತಾರೆ. ಒಂದೇ ಆಟದಲ್ಲಿ ಇಪ್ಪತ್ತು ಸಲ ನೆಲಕ್ಕೆ ಬೀಳಬೇಕಾಗುತ್ತದೆ. ಮೈ ಬೇಗ ಸವೆಯುವ ಜಾಗ ಇದು.

ಟ್ರೆವಿಯಾನ್ ಹೆಂಡರ್ಸನ್ 2021ರಲ್ಲಿ ವರ್ಜೀನಿಯಾದ ಹೋಪ್‌ವೆಲ್‌ನಿಂದ ಬಂದ ಹುಡುಗ. ಮೊದಲ ವರ್ಷವೇ ಟಲ್ಸಾ ತಂಡದ ಮೇಲೆ ಒಂದೇ ಆಟದಲ್ಲಿ 277 ಯಾರ್ಡ್ (ಒಂದು ಯಾರ್ಡ್ ಅಂದರೆ ಮೂರು ಅಡಿ) ಓಡಿದ. ಮೊದಲ ವರ್ಷದ ಆಟಗಾರನ ಮಟ್ಟಿಗೆ 1972ರಿಂದ ಆರ್ಚಿ ಗ್ರಿಫಿನ್ ಹೆಸರಲ್ಲಿದ್ದ 239ರ ದಾಖಲೆ ಅವತ್ತು ಮುರಿಯಿತು. ಗ್ರಿಫಿನ್ ಅಂದರೆ ಈ ಊರಿನಲ್ಲಿ ಸುಮ್ನೆ ಅಲ್ಲ. ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು ಎರಡು ಸಲ ಗೆದ್ದವರು ಅವರೊಬ್ಬರೇ. ಆ ವರ್ಷ ಹೆಂಡರ್ಸನ್ ಒಟ್ಟು 1,248 ಯಾರ್ಡ್ ಓಡಿದ. ನಾವೆಲ್ಲ ಕುಣಿದಾಡಿದೆವು. ಆಮೇಲೆ 2022ರಲ್ಲಿ ಪಾದದ ಗಾಯ. ಆ ವರ್ಷ ಬರೀ 571. ನಮ್ಮ ಬದ್ಧ ಎದುರಾಳಿ ಮಿಷಿಗನ್ ವಿರುದ್ಧದ ಆಟಕ್ಕೆ ಇಳಿಯಲೇ ಇಲ್ಲ. 2023ರಲ್ಲೂ ಗಾಯದಿಂದ ಮೂರು ಆಟ ತಪ್ಪಿದವು. ವಾಪಸ್ ಬಂದ ದಿನವೇ ವಿಸ್ಕಾನ್ಸಿನ್‌ನವರ ಊರಿನಲ್ಲಿ 162 ಯಾರ್ಡ್ ಓಡಿ, ಪಾಸ್ ಹಿಡಿದು ಇನ್ನೂ 45 ಸೇರಿಸಿದ. ಅದನ್ನು ನೋಡುತ್ತಾ ನನಗೆ ಕಣ್ಣು ತುಂಬಿ ಬಂತು. ಇವನ ಕೈಗೆ ಚೆಂಡು ಬಂದಾಗ ಏನೂ ಕೊರತೆ ಇಲ್ಲ. ಮೈ ಸಹಕರಿಸಬೇಕು, ಅಷ್ಟೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು, ಆದರೂ ನಾಲ್ಕನೇ ವರ್ಷಕ್ಕೆ ಇಲ್ಲೇ ಉಳಿದ. ಅದಕ್ಕಾಗಿ ಅವನ ಮೇಲೆ ನನಗೆ ಪ್ರೀತಿ ಇನ್ನೂ ಜಾಸ್ತಿ.

ಕ್ವಿನ್‌ಶಾನ್ ಜಡ್‌ಕಿನ್ಸ್ 2024ರ ಜನವರಿಯಲ್ಲಿ ಓಲ್ ಮಿಸ್ (ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯ) ಬಿಟ್ಟು ಇಲ್ಲಿಗೆ ಬಂದ. 2022ರಲ್ಲಿ 1,567 ಯಾರ್ಡ್, 2023ರಲ್ಲಿ 1,158. ಹೆಂಡರ್ಸನ್‌ಗಿಂತ ಸ್ವಲ್ಪ ದಪ್ಪ, ಮೈಗೆ ಮೈ ಕೊಟ್ಟು ಓಡುವವನು. ಎಲ್ಲರೂ ಯಾರ್ಡ್ ಎಣಿಸುತ್ತಾರೆ. ನಾನು ಚೆಂಡು ಎಷ್ಟು ಸಲ ಕೈಗೆ ಬಂತು ಅಂತ ನೋಡುತ್ತೇನೆ. ಮೊದಲ ವರ್ಷ 274 ಸಲ, ಎರಡನೇ ವರ್ಷ 271. ಕೆಲಸ ಅಷ್ಟೇ ಇತ್ತು, ಆದರೆ ಒಂದು ಓಟದ ಸರಾಸರಿ 5.7ರಿಂದ 4.3 ಯಾರ್ಡ್‌ಗೆ ಇಳಿಯಿತು. ಮುಂದೆ ನಿಂತು ದಾರಿ ಬಿಡಿಸುವ ಲೈನ್ ಕೂಡ ಕಾರಣ ಇರಬಹುದು. ಆದರೂ ಎರಡು ವರ್ಷದಲ್ಲಿ 545 ಸಲ ಅಂದರೆ ಅದು ಒಬ್ಬನೇ ಹೊರುವ ಭಾರ ಅಲ್ಲ.

2024ರ ಲೆಕ್ಕವೇ ಬೇರೆ. ರಾಷ್ಟ್ರೀಯ ಕಪ್ ತೀರ್ಮಾನಿಸುವ ಪ್ಲೇಆಫ್‌ಗೆ ಮೊದಲ ಸಲ 12 ತಂಡ. ಮಾಮೂಲಿ ಆಟ 12, ನಮ್ಮ ತಂಡ ಇರುವ ಗುಂಪು ಬಿಗ್ ಟೆನ್‌ನ ಫೈನಲ್ ಒಂದು, ಆಮೇಲೆ ಕಪ್ ಗೆಲ್ಲಬೇಕಾದರೆ ಇನ್ನೂ ಮೂರೋ ನಾಲ್ಕೋ. ಅಂದರೆ 16, 17 ಆಟದವರೆಗೂ ಹೋಗಬಹುದು. ಒಬ್ಬನನ್ನೇ ನಂಬಿದರೆ ಡಿಸೆಂಬರ್ ಹೊತ್ತಿಗೆ ಅವನಲ್ಲಿ ಏನು ಉಳಿದಿರುತ್ತದೆ? ಜೋಡೆತ್ತು ಅನ್ನುತ್ತೇವಲ್ಲ, ಹಾಗೆ ಇದು. ಒಬ್ಬೊಬ್ಬನಿಗೆ ಹನ್ನೆರಡು ಸಲ ಚೆಂಡು ಕೊಟ್ಟರೆ ಸಾಕು. ಹೆಂಡರ್ಸನ್ ಪಾದ ಉಳಿಯುತ್ತದೆ, ಜಡ್‌ಕಿನ್ಸ್ ಕಾಲಿಗೆ ಹಳೆಯ ಕಸುವು ಮರಳುತ್ತದೆ.

ಇನ್ನು ನನ್ನ ನಿದ್ದೆ ಕೆಡಿಸುವ ವಿಷಯ, ಆ ಮೂರನೆಯವನು ಯಾರು ಅನ್ನುವುದು. 2023ರ ಸೆಪ್ಟೆಂಬರ್‌ನಲ್ಲಿ ನೋಟರ್ ಡೇಮ್ ವಿರುದ್ಧ ಒಂದು ಸೆಕೆಂಡ್ ಬಾಕಿ ಇದ್ದಾಗ ಗೆಲುವಿನ ಒಂದು ಯಾರ್ಡ್ ನುಗ್ಗಿದವನು ಚಿಪ್ ಟ್ರೇಯಾನಮ್. ಅವನು 2024ಕ್ಕೆ ಕೆಂಟಕಿ ಸೇರಿದ. ಇನ್ನೊಬ್ಬ ರನ್ನಿಂಗ್ ಬ್ಯಾಕ್ ಮಿಯಾನ್ ವಿಲಿಯಮ್ಸ್ ತಂಡ ಬಿಟ್ಟ. ಇವಾನ್ ಪ್ರಯರ್ ಸಿನ್ಸಿನಾಟಿಗೆ ಹೋದ. ಡ್ಯಾಲನ್ ಹೇಡನ್ ಕೂಡ ಹೊರಟು ಕೊಲೊರಾಡೊ ಸೇರಿದ. ಉಳಿದವರಲ್ಲಿ ಮುಖ್ಯವಾಗಿ ಇಬ್ಬರು, ಟೆಕ್ಸಾಸ್‌ನ ಜೇಮ್ಸ್ ಪೀಪಲ್ಸ್ ಮತ್ತು ಇಲ್ಲೇ ಪಕ್ಕದ ಪಿಕರಿಂಗ್ಟನ್‌ನ ಸ್ಯಾಮ್ ವಿಲಿಯಮ್ಸ್-ಡಿಕ್ಸನ್. ಇಬ್ಬರೂ ಹೊಸಬರು. ಸೀಸನ್ ಶುರುವಾಗುವ ಮುಂಚೆ ಕಾಲೇಜ್ ಫುಟ್‌ಬಾಲ್‌ನಲ್ಲಿ ಒಂದು ಸಲವೂ ಚೆಂಡು ಹೊತ್ತಿರಲಿಲ್ಲ. ಅಕ್ಟೋಬರ್ 12ಕ್ಕೆ ಆರೆಗನ್‌ಗೆ ಅವರ ಊರಿಗೇ ಹೋಗಿ ಆಡಬೇಕು. ಅಷ್ಟರೊಳಗೆ ಹಿರಿಯರಲ್ಲಿ ಒಬ್ಬನಿಗೆ ಏಟಾದರೆ ಈ ಹುಡುಗರೇ ಗತಿ.

2024ಕ್ಕೆ ಕೋಚ್‌ಗಳೂ ಬದಲಾದರು. 2015ರಿಂದ ರನ್ನಿಂಗ್ ಬ್ಯಾಕ್‌ಗಳನ್ನು ತಿದ್ದಿದ ಟೋನಿ ಆಲ್ಫರ್ಡ್ ಹೋಗಿ ಹೋಗಿ ಮಿಷಿಗನ್ ಸೇರಿದರು. ಅದು ಇನ್ನೂ ಚುಚ್ಚುತ್ತದೆ. ಅವರ ಜಾಗಕ್ಕೆ ಆರೆಗನ್‌ನಿಂದ ಕಾರ್ಲೋಸ್ ಲಾಕ್‌ಲಿನ್ ಬಂದಿದ್ದಾರೆ. ಆಫೆನ್ಸ್ (ತಂಡದ ದಾಳಿಯ ಭಾಗ) ನಡೆಸಲು ಕೋಚ್ ಚಿಪ್ ಕೆಲ್ಲಿ ಬಂದರು. ಓಟದ ಆಟವನ್ನು ಅವರಷ್ಟು ಬಲ್ಲವರು ಕಡಿಮೆ, ನನಗೆ ಅವರ ಮೇಲೆ ಭರವಸೆ ಇದೆ. ಲೈನ್‌ಗೆ ಅಲಬಾಮಾದಿಂದ ಸೆಂಟರ್ (ಲೈನ್‌ನ ನಡುವಿನ ಆಟಗಾರ) ಸೆತ್ ಮೆಕ್‌ಲಾಫ್ಲಿನ್ ಬಂದ. ಅಲ್ಲಿ ಇನ್ನೊಬ್ಬ ಬಂದಿದ್ದರೂ ಬೇಡ ಅನ್ನುತ್ತಿರಲಿಲ್ಲ.

ರನ್ನಿಂಗ್ ಬ್ಯಾಕ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಅನ್ನಿಸಬಹುದು. 2014ರ ಕಥೆ ಕೇಳಿ. ಆ ವರ್ಷ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಿಗೆ ಗಾಯವಾಗಿ ಮೂರನೆಯವನು ಕಾರ್ಡೇಲ್ ಜೋನ್ಸ್ ಆಡಬೇಕಾಯಿತು. ಆಗ ತಂಡವನ್ನು ಹೊತ್ತವನು ಎಜಕಿಯಲ್ ಎಲಿಯಟ್. ವಿಸ್ಕಾನ್ಸಿನ್ ಮೇಲೆ 220 ಯಾರ್ಡ್, ಅಲಬಾಮಾ ಮೇಲೆ 230, ಫೈನಲ್‌ನಲ್ಲಿ ಆರೆಗನ್ ಮೇಲೆ 246. ಕಪ್ ನಮ್ಮದಾಯಿತು. ಆಮೇಲೆ 2023ರ ಸೀಸನ್‌ವರೆಗೆ ಬರಲಿಲ್ಲ.

2024ರ ಆಗಸ್ಟ್ 31ಕ್ಕೆ ಆಕ್ರನ್ ಜೊತೆ ಮೊದಲ ಆಟ. ಟಿಕೆಟ್ ಸಿಕ್ಕರೆ ಹೋಗಿ. ಒಂದು ಲಕ್ಷ ಜನರ ಮಧ್ಯೆ ಕೂತು ನೋಡುವುದೇ ಬೇರೆ. ಅಂಗಿಯ ನಂಬರ್ 32 ಹೆಂಡರ್ಸನ್, 1 ಜಡ್‌ಕಿನ್ಸ್. ಸ್ಕೋರ್ ಏರಿದ ಮೇಲೆ ಅಕ್ಕಪಕ್ಕದವರು ಎದ್ದು ಹೊರಡುತ್ತಾರೆ. ನೀವು ಏಳಬೇಡಿ. ಆಗಲೇ 20ನೇ ನಂಬರಿನ ಪೀಪಲ್ಸ್ ಕೈಗೆ ಚೆಂಡು ಬರುವುದು.