ಓದುಗರ ಪ್ರಶ್ನೆ, ವೈದ್ಯರ ಉತ್ತರ: ಜೀವಕೋಶ ಕಳಚಿಬಿಡುವ ಕಿರುಚೀಲಗಳು

ಪ್ರಶ್ನೆ: ನನ್ನ ತಂದೆಯವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ. ಇತ್ತೀಚೆಗೆ ಎಡಗಾಲು ಊದಿಕೊಂಡು, ಸ್ಕ್ಯಾನ್ ಮಾಡಿಸಿದಾಗ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಗೊತ್ತಾಯಿತು. ಗಡ್ಡೆಯಿಂದ ಹೊರಬರುವ ‘ಮೈಕ್ರೋವೆಸಿಕಲ್’ಗಳೂ ಇದಕ್ಕೆ ಕಾರಣವಿರಬಹುದೆಂದು ವೈದ್ಯರು ಹೇಳಿದರು. ಹೊಟ್ಟೆಯೊಳಗಿನ ಗಡ್ಡೆಗೂ ಕಾಲಿನ ಹೆಪ್ಪಿಗೂ ಏನು ಸಂಬಂಧ? ಇವುಗಳನ್ನು ಅಳೆಯುವ ಪರೀಕ್ಷೆ ಮಾಡಿಸಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೈಕ್ರೋವೆಸಿಕಲ್ ಹೊರಗಿನಿಂದ ಬಂದ ವಸ್ತುವಲ್ಲ, ವಿಷವೂ ಅಲ್ಲ. ಜೀವಕೋಶದ ಹೊರಪೊರೆ ಅಲ್ಲಲ್ಲಿ ಮೊಗ್ಗಿನಂತೆ ಉಬ್ಬಿ ಕಳಚಿಕೊಂಡಾಗ ಉಂಟಾಗುವ ಕಿರುಚೀಲ ಅದು; ಗಾತ್ರ ಸುಮಾರು 100ರಿಂದ 1000 ನ್ಯಾನೋಮೀಟರ್, ಅಂದರೆ ಅತಿ ದೊಡ್ಡದೂ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಷ್ಟೇ. ಆರೋಗ್ಯವಂತರ ರಕ್ತದಲ್ಲೂ ಇವು ಸದಾ ಇರುತ್ತವೆ. 1967ರಲ್ಲಿ ಪೀಟರ್ ವುಲ್ಫ್ ಎಂಬ ವಿಜ್ಞಾನಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರು ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳಿಂದ ಉದುರಿದ ಇಂಥ ಕಣಗಳನ್ನು ‘ಪ್ಲೇಟ್‌ಲೆಟ್ ಧೂಳು’ ಎಂದು ಕರೆದರು. ಆದರೆ ಆ ಧೂಳಿಗೆ ರಕ್ತವನ್ನು ಹೆಪ್ಪುಗಟ್ಟಿಸುವ ಶಕ್ತಿಯಿದೆ ಎಂಬುದನ್ನೂ ಅವರೇ ತೋರಿಸಿದ್ದರು.

ಆ ಶಕ್ತಿಯ ಮೂಲ ಪೊರೆಯ ರಚನೆಯಲ್ಲಿದೆ. ಕೋಶಪೊರೆಗೆ ಎರಡು ಪದರಗಳಿದ್ದು, ಫಾಸ್ಫಾಟಿಡೈಲ್‌ಸೆರಿನ್ ಎಂಬ ಕೊಬ್ಬಿನಂಶವನ್ನು ಕೋಶವು ಸಾಮಾನ್ಯವಾಗಿ ಒಳಪದರದಲ್ಲೇ ಉಳಿಸಿಕೊಂಡಿರುತ್ತದೆ. ಗಾಯವಾಗಿ ಪ್ಲೇಟ್‌ಲೆಟ್ ಚುರುಕುಗೊಂಡಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ, ಎರಡು ಪದರಗಳ ಕೊಬ್ಬು ಅದಲುಬದಲಾಗುತ್ತದೆ, ಪೊರೆಗೆ ಆಧಾರವಾಗಿದ್ದ ಒಳಗಿನ ಹಂದರ ಸಡಿಲಗೊಂಡು ಕಿರುಚೀಲಗಳು ಕಳಚಿಕೊಳ್ಳುತ್ತವೆ. ಹೊರಬಂದ ಆ ಕೊಬ್ಬಿನಂಶದ ಮೇಲೆ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಬಂದು ಕೂತು ಕೆಲಸ ಶುರುಮಾಡುತ್ತವೆ. ಈ ಅದಲುಬದಲು ಹುಟ್ಟಿನಿಂದಲೇ ಸರಿಯಾಗಿ ನಡೆಯದ ಸ್ಕಾಟ್ ಸಿಂಡ್ರೋಮ್ ಎಂಬ ಅತಿ ವಿರಳ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿದ್ದರೂ ರೋಗಿಗೆ ರಕ್ತಸ್ರಾವದ ತೊಂದರೆ ಇರುತ್ತದೆ. ಹಾಗಾಗಿ ಈ ಕಿರುಚೀಲಗಳನ್ನು ಶತ್ರುಗಳೆಂದು ಎಣಿಸುವುದು ತಪ್ಪಾಗುತ್ತದೆ.

ನಿಮ್ಮ ತಂದೆಯವರ ವಿಷಯಕ್ಕೆ ಬರೋಣ. ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವ ‘ಟಿಶ್ಯೂ ಫ್ಯಾಕ್ಟರ್’ ಎಂಬ ಪ್ರೋಟೀನು ಮಾಮೂಲಾಗಿ ರಕ್ತದ ಸಂಪರ್ಕಕ್ಕೆ ಬಾರದಂತೆ ರಕ್ತನಾಳದ ಹೊರಗಿನ ಕೋಶಗಳಲ್ಲಿರುತ್ತದೆ. ಹಲವು ಕ್ಯಾನ್ಸರ್ ಕೋಶಗಳು, ಅದರಲ್ಲೂ ಮೇದೋಜೀರಕ ಗ್ರಂಥಿಯವು, ಇದನ್ನು ಹೇರಳವಾಗಿ ಹೊಂದಿದ್ದು, ತಾವು ಕಳಚುವ ಕಿರುಚೀಲಗಳ ಮೇಲೂ ಅದನ್ನು ಕಳುಹಿಸುತ್ತವೆ. ಗಡ್ಡೆ ಇದ್ದಲ್ಲೇ ಇದ್ದರೂ ಈ ಚೀಲಗಳು ರಕ್ತದೊಂದಿಗೆ ದೇಹವಿಡೀ ಸುತ್ತುವುದರಿಂದ, ಹರಿವು ನಿಧಾನವಾಗಿರುವ ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಉಂಟಾಗುವುದು ಸುಲಭ. ಇದು ಹಲವು ಕಾರಣಗಳಲ್ಲಿ ಒಂದು. ಮಲಗಿಯೇ ಇರುವುದು, ಶಸ್ತ್ರಚಿಕಿತ್ಸೆ, ಕೀಮೋಥೆರಪಿಗಳೂ ಇದರೊಂದಿಗೆ ಸೇರುತ್ತವೆ. ಕ್ಯಾನ್ಸರಿಗೂ ಇಂಥ ಹೆಪ್ಪಿಗೂ ನಂಟಿದೆಯೆಂದು ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೊ 1865ರಲ್ಲೇ ವಿವರಿಸಿದ್ದರು. ಎರಡು ವರ್ಷಗಳ ಬಳಿಕ ತಮ್ಮದೇ ದೇಹದಲ್ಲಿ ಅಂಥ ಹೆಪ್ಪು ಕಂಡು ತಮ್ಮ ಕಾಯಿಲೆ ಯಾವುದೆಂದು ಅವರು ಊಹಿಸಿದರು. ಅದೇ ವರ್ಷ ಹೊಟ್ಟೆಯೊಳಗಿನ ಕ್ಯಾನ್ಸರಿನಿಂದ ತೀರಿಕೊಂಡರು.

ಪರೀಕ್ಷೆಯ ವಿಚಾರದಲ್ಲಿ ನನ್ನ ಸಲಹೆ ಸ್ಪಷ್ಟ: ಅದಕ್ಕಾಗಿ ಅಲೆಯಬೇಡಿ. ಈ ಚೀಲಗಳನ್ನು ಎಣಿಸುವುದು ಸಂಶೋಧನಾಲಯದ ಕೆಲಸವಾಗಿಯೇ ಉಳಿದಿದೆ. ರಕ್ತ ತೆಗೆದ ಟ್ಯೂಬನ್ನು ಜೋರಾಗಿ ಅಲುಗಿಸಿದರೂ, ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕುವುದು ತಡವಾದರೂ, ಟ್ಯೂಬಿನೊಳಗೇ ಪ್ಲೇಟ್‌ಲೆಟ್‌ಗಳು ಹೊಸ ಚೀಲಗಳನ್ನು ಕಳಚುತ್ತವೆ. ಹೀಗಾಗಿ ಒಂದು ಲ್ಯಾಬಿನ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದು ಕಷ್ಟ. ಚಿಕಿತ್ಸೆಗೆ ಬೇಕಾದುದು ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮತ್ತು ಹೆಪ್ಪುರೋಧಕ ಔಷಧಿ. ಆ ಔಷಧಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ದಿಢೀರನೆ ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ, ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆ ಇರುವುದರಿಂದ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕೂದಲು ಉದುರುವುದಕ್ಕೆ ‘ಎಕ್ಸೊಸೋಮ್’ ಇಂಜೆಕ್ಷನ್ ತೆಗೆದುಕೊಳ್ಳಲು ಕ್ಲಿನಿಕ್ಕೊಂದರಲ್ಲಿ ಹೇಳಿದರು. ಇದೂ ಮೈಕ್ರೋವೆಸಿಕಲ್ಲೇ? ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇವೆರಡು ದಾಯಾದಿಗಳು. ಮೈಕ್ರೋವೆಸಿಕಲ್ ಹೊರಪೊರೆಯಿಂದ ಕಳಚಿದರೆ, ಅದಕ್ಕಿಂತ ಚಿಕ್ಕದಾದ ಎಕ್ಸೊಸೋಮ್ ಕೋಶದ ಒಳಗೇ ರೂಪುಗೊಂಡು ಹೊರಬರುತ್ತದೆ. ಎರಡೂ ಪ್ರೋಟೀನು, ಜೀನ್‌ಗಳ ಸಂದೇಶ ಒಯ್ಯುವ ಆರ್‌ಎನ್‌ಎಗಳನ್ನು ಇನ್ನೊಂದು ಕೋಶಕ್ಕೆ ತಲುಪಿಸಬಲ್ಲವು ಎಂಬುದು ನಿಜವಾದ, ಮಹತ್ವದ ಶೋಧ. ಅದನ್ನೇ ಬಂಡವಾಳ ಮಾಡಿಕೊಂಡ ಜಾಹೀರಾತುಗಳು ಮಾತ್ರ ವಿಜ್ಞಾನಕ್ಕಿಂತ ಬಹಳ ಮುಂದೆ ಓಡಿವೆ. ಎಕ್ಸೊಸೋಮ್ ಹೆಸರಿನಲ್ಲಿ ಮಾರಾಟವಾದ, ಅನುಮೋದನೆಯಿಲ್ಲದ ಉತ್ಪನ್ನಗಳನ್ನು ಪಡೆದ ನೆಬ್ರಾಸ್ಕ ರಾಜ್ಯದ ರೋಗಿಗಳಿಗೆ ಗಂಭೀರ ತೊಂದರೆಯಾದ ನಂತರ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಸೀಸೆಯಲ್ಲಿರುವ ದ್ರವ ಯಾರ, ಯಾವ ಕೋಶದಿಂದ ಬಂದದ್ದು, ಸೋಂಕಿಲ್ಲವೆಂದು ಪರೀಕ್ಷಿಸಿದವರು ಯಾರು, ಇಂಜೆಕ್ಷನ್ನಿಗೆಂದೇ ಪರವಾನಗಿ ಇದೆಯೇ ಎಂದು ಕ್ಲಿನಿಕ್ಕಿನವರನ್ನು ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಪಥ್ಯದಿಂದ ಮೈಕ್ರೋವೆಸಿಕಲ್‌ಗಳನ್ನು ಕಡಿಮೆ ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದಕ್ಕೆಂದೇ ಬೇರೆ ಪಥ್ಯವಿಲ್ಲ. ಧೂಮಪಾನಿಗಳಲ್ಲಿ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರಲ್ಲಿ ಇವು ಹೆಚ್ಚಾಗಿ ಕಂಡುಬರುತ್ತವೆ. ಬೀಡಿ, ಸಿಗರೇಟು ಬಿಡುವುದಕ್ಕೆ ಇದನ್ನೂ ಒಂದು ನೆಪ ಮಾಡಿಕೊಳ್ಳಿ.