ಆ ಮರಿಗೆ ಕಾಯಿಲೆಯೇ ಇಲ್ಲದಿದ್ದರೆ?

ಆರೋಗ್ಯದಲ್ಲಿ ಏನೋ ಐಬಿದೆ ಅಂತ ಗೊತ್ತಾದ ನಾಯಿಮರಿಯನ್ನು ಮನೆಗೆ ತರಬೇಕಾ, ಬೇಡವಾ? ಇಂಥ ಪ್ರಶ್ನೆ ಹಿಡಿದುಕೊಂಡು ಆಪ್ತಸಲಹೆಗೆ ಯಾರಾದರೂ ಬರುತ್ತಾರಾ ಅಂತ ನಿಮಗೆ ಅನ್ನಿಸಬಹುದು. ನೇರವಾಗಿ ಇದಕ್ಕೇ ಅಂತ ಬರುವವರು ಕಡಿಮೆ. ನಿದ್ದೆ ಬರುತ್ತಿಲ್ಲ, ಗಂಡ ಹೆಂಡತಿ ಮಾತು ಬಿಟ್ಟಿದ್ದೇವೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ ಅಂತ ಬರುತ್ತಾರೆ. ಸ್ವಲ್ಪ ಕೆದಕಿದರೆ ಒಳಗೆ ಒಂದು ಮರಿ ಇರುತ್ತದೆ. ಕಿವಿ ಕೇಳದ ಮರಿ, ಕಾಲು ಎಳೆಯುವ ಮರಿ, ಎದೆಯಲ್ಲಿ ಸದ್ದಿರುವ ಮರಿ. ಇವರಿಗೆ ನಾನು ಕೊಡುವ ಸಲಹೆ ಕೇಳಿ ಕೆಲವರು ನನ್ನನ್ನು ಕಲ್ಲುಮನಸ್ಸಿನವಳು ಅಂದಿದ್ದೂ ಉಂಟು. ಹಾಗಾಗಿ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ ಐವತ್ತರ ಆಸುಪಾಸು. ಹಾಸಿಗೆ ಹಿಡಿದಿದ್ದ ತಾಯಿಯನ್ನು ಹಲವು ವರ್ಷ ನೋಡಿಕೊಂಡವರು. ತಾಯಿ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಮನೆ ಬಿಕೋ ಅನ್ನುತ್ತಿದೆ ಅಂತ ಗಂಡನೇ ನಾಯಿಮರಿ ತರೋಣ ಅಂದರು. ಮರಿ ಆರಿಸಿಯೂ ಆಯಿತು. ಎಂಟು ವಾರ ತುಂಬಿದಾಗ ಪಶುವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು, 'ಇದರ ಹೃದಯದಲ್ಲಿ ಮರ್ಮರ್ ಇದೆ, ಮೂರನೇ ಗ್ರೇಡು, ಎಕೋ ಮಾಡಿಸಿ ನೋಡಬೇಕು' ಅಂದರು. ಎಕೋ ಅಂದರೆ ಹೃದಯದ ಸ್ಕ್ಯಾನ್. ಮರಿ ಸಾಕಿದವರು ಒಳ್ಳೆಯವರು. ಏನನ್ನೂ ಮುಚ್ಚಿಡಲಿಲ್ಲ. ಬೇಕಿದ್ದರೆ ಅದೇ ಸೂಲಿನ ಇನ್ನೊಂದು ಮರಿ ತಗೊಳ್ಳಿ, ಇಲ್ಲವೇ ಹಣ ವಾಪಸ್ ತಗೊಳ್ಳಿ ಅಂದರು. ಗಂಡ ಇನ್ನೊಂದು ಮರಿ ತರೋಣ ಅಂದರು. ಆಕೆ ಗಂಡನ ಜೊತೆ ಮಾತು ನಿಲ್ಲಿಸಿದರು.

ಮೊದಲ ಭೇಟಿಯಲ್ಲಿ ನಾವು ಭಾವನೆಗಳ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಆಪ್ತಸಲಹೆ ಅಂದರೆ ಬರೀ 'ನಿಮಗೆ ಹೇಗನ್ನಿಸಿತು' ಅಂತ ಕೇಳೋದು ಅಂದುಕೊಂಡಿರುತ್ತಾರೆ. ಹೆದರಿಕೆಗೆ ಕಾರಣ ಮಾಹಿತಿಯ ಕೊರತೆ ಆಗಿದ್ದರೆ ಮೊದಲು ಮಾಹಿತಿ ಬೇಕು. ಮರ್ಮರ್ ಅಂದರೆ ಏನು ಅಂತ ಕೇಳಿದೆ. 'ಹೃದಯದಲ್ಲಿ ತೂತು' ಅಂದರು. ವೈದ್ಯರು ಹಾಗಂದಿದ್ದರಾ? ಇಲ್ಲ. ಆಕೆ ತಾವೇ ಅಂದುಕೊಂಡಿದ್ದರು.

ಮರ್ಮರ್ ಅನ್ನೋದು ಒಂದು ಸದ್ದು, ಅಷ್ಟೇ. ಅದೇ ರೋಗ ಅಲ್ಲ. ಹೃದಯದ ಲಬ್ ಡಬ್ ಮಧ್ಯೆ ರಕ್ತ ಸುಳಿಯಾಗಿ ಹರಿದಾಗ ಕೇಳುವ ಸುಯ್ ಅನ್ನುವ ಶಬ್ದ. ಅದನ್ನು 1ರಿಂದ 6ರವರೆಗೆ ಅಳೆಯುತ್ತಾರೆ. 1 ಅಂದರೆ ನಿಶ್ಶಬ್ದವಾದ ಕೋಣೆಯಲ್ಲಿ ಕಿವಿಗೊಟ್ಟು ಕೇಳಬೇಕು. 5ಕ್ಕೆ ಬಂದರೆ ಎದೆಯ ಮೇಲೆ ಕೈ ಇಟ್ಟಾಗ ಅಂಗೈಗೇ ಕಂಪನ ತಿಳಿಯುತ್ತದೆ. ಸಣ್ಣ ಮರಿಗಳಲ್ಲಿ 1, 2ರ ಮರ್ಮರ್ ಏನೂ ತೊಂದರೆ ಇಲ್ಲದೆಯೂ ಇರುತ್ತದೆ. ಅಂಥದ್ದು ಆರು ತಿಂಗಳಾಗುವಷ್ಟರಲ್ಲಿ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಹೊಟ್ಟೆಹುಳದಿಂದ ರಕ್ತ ಕಡಿಮೆಯಾದರೂ ಸದ್ದು ಕೇಳಿಸಬಹುದು. ಮತ್ತೆ ಕೆಲವು ಮರಿಗಳಲ್ಲಿ ನಿಜವಾದ ಜನ್ಮದೋಷ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳಬೇಕಾದ ರಕ್ತನಾಳವೊಂದು ತೆರೆದೇ ಉಳಿಯುವುದು ಅಂಥದ್ದೊಂದು. ಹಾಗೇ ಬಿಟ್ಟರೆ ಅದು ಜೀವಕ್ಕೇ ಕುತ್ತು, ಬೇಗ ಮುಚ್ಚಿಸಿದರೆ ಬಹಳಷ್ಟು ಮರಿಗಳು ಆರಾಮಾಗಿ ಬದುಕುತ್ತವೆ. ಕವಾಟದ ಹತ್ತಿರ ದಾರಿ ಕಿರಿದಾಗಿರುವುದು ಇನ್ನೊಂದು. ಮೂರನೇ ಗ್ರೇಡು ಕೇಳಿಸಿಕೊಂಡು ಇದರಲ್ಲಿ ಯಾವುದು ಅಂತ ಹೇಳೋಕಾಗಲ್ಲ. ಎಕೋ ಆಗಲೇಬೇಕು. ಇದನ್ನೆಲ್ಲ ವೈದ್ಯರು ಹೇಳಿಯೇ ಇದ್ದರು. ಗಾಬರಿಯಲ್ಲಿ ಆಕೆಯ ತಲೆಗೆ ಹೋಗಿರಲಿಲ್ಲ.

ಎಕೋ ಯಾಕೆ ಇನ್ನೂ ಮಾಡಿಸಿಲ್ಲ ಅಂದೆ. 'ಮೊದಲು ಮನೆಗೆ ಕರ್ಕೊಂಡು ಬಂದು, ಆಮೇಲೆ ಮಾಡಿಸೋಣ ಅಂತ' ಅಂದರು. ಯಾಕೆ ಅಂದಿದ್ದಕ್ಕೆ ಉತ್ತರ ಬರಲಿಲ್ಲ.

ಮುಂದಿನ ಭೇಟಿಗೆ ಆಕೆ ಒಬ್ಬರೇ ಬಂದರು. ಬಂದು ಕೂತವರೇ 'ನಾನು ಬಿಟ್ಟರೆ ಅದನ್ನ ಯಾರು ನೋಡ್ಕೋತಾರೆ ಹೇಳಿ' ಅಂದರು. ಇಂಥ ಪ್ರಕರಣಗಳಲ್ಲಿ ಈ ಮಾತು ಬಂದೇ ಬರುತ್ತದೆ. ಬಹುತೇಕ ಜನ ಉತ್ತರ ಬೇಕು ಅಂತ ಇದನ್ನು ಕೇಳುವುದಿಲ್ಲ. ನಾನು ಮಾತ್ರ ಉತ್ತರ ಬೇಕಾದ ಪ್ರಶ್ನೆ ಅಂತಲೇ ತೆಗೆದುಕೊಳ್ಳುತ್ತೇನೆ. 'ಸಾಕಿದವರನ್ನೇ ಕೇಳಿ ನೋಡಿ' ಅಂದೆ. ಅಲ್ಲೇ ಫೋನ್ ಮಾಡಿದರು. 'ಯಾರೂ ತಗೊಳ್ಳದಿದ್ದರೆ ನಾವೇ ಇಟ್ಕೋತೀವಿ, ಎಕೋನೂ ನಾವೇ ಮಾಡಿಸ್ತೀವಿ' ಅಂತ ಉತ್ತರ ಬಂತು. ಫೋನ್ ಇಟ್ಟ ಆಕೆಯ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಯಾರೋ ಕೈಯಿಂದ ಏನೋ ಕಿತ್ತುಕೊಂಡ ಹಾಗಿತ್ತು.

ಆಗ ಕೇಳಿದೆ: 'ಎಕೋ ಆಯ್ತು ಅಂದ್ಕೊಳ್ಳಿ. ಏನೂ ಇಲ್ಲ, ಬೆಳೀತಾ ಬೆಳೀತಾ ಹೋಗುತ್ತೆ ಅಂದರು. ಆಗ ಹೇಗಿರುತ್ತೆ?'

'ಖುಷಿ ಆಗುತ್ತೆ' ಅನ್ನಲು ಹೊರಟರು. 'ಖು' ಅಂದದ್ದು ನನಗೆ ಕೇಳಿಸಿತು. ಅಲ್ಲಿಗೇ ನಿಂತರು. ತೊಡೆ ಮೇಲಿದ್ದ ಬ್ಯಾಗಿನ ಜಿಪ್ ಎಳೆಯುತ್ತಿದ್ದರು, ಮುಚ್ಚುತ್ತಿದ್ದರು. ಜಿಪ್ ತೆರೆದಾಗ ಒಳಗೆ ಕಪ್ಪು ರಬ್ಬರ್ ಕೊಳವೆ ಕಂಡಿತು. ಸ್ಟೆತಸ್ಕೋಪು. ಹೊಸದು, ಕವರ್ ಕೂಡ ಪೂರ್ತಿ ಹರಿದಿರಲಿಲ್ಲ. ಮರಿ ಇನ್ನೂ ಮನೆಗೇ ಬಂದಿಲ್ಲ.

ನಾನು ನೋಡಿದ್ದನ್ನು ಆಕೆಯೂ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, 'ಬೇಜಾರಾಗುತ್ತೆ ಅನ್ಸುತ್ತೆ' ಅಂದರು. 'ಎಂಥ ಮನುಷ್ಯಳು ನಾನು? ಮರಿ ಹುಷಾರಾಗಿದೆ ಅಂದರೆ ಬೇಜಾರು ಮಾಡ್ಕೋತೀನಾ?'

ಆಕೆಗೆ ಸಮಾಧಾನ ಹೇಳಲಿಲ್ಲ. ತಾಯಿಯ ನೆನಪು ಅಂತ ವಿವರಿಸಲೂ ಹೋಗಲಿಲ್ಲ. ಅದನ್ನು ನಾನು ಹೇಳಿದ್ದರೆ ಹೌದು ಹೌದು ಅಂದು ಮನೆಗೆ ಹೋಗುತ್ತಿದ್ದರು. ತಾಯಿ ಇದ್ದಾಗ ರಾತ್ರಿ ಹೇಗಿರುತ್ತಿತ್ತು ಅಂತಷ್ಟೇ ಕೇಳಿದೆ. 'ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸ್ಬೇಕಿತ್ತು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ. ಈಗಲೂ ಅದೇ ಹೊತ್ತಿಗೆ ಎಚ್ಚರ ಆಗುತ್ತೆ. ಎದ್ದು ಕೂತ್ಕೋತೀನಿ. ಮಾಡೋಕೆ ಏನೂ ಇರಲ್ಲ.' ಆಮೇಲೆ ತಾವಾಗೇ ಅಂದರು: 'ಈ ಮರಿ ಬಂದರೆ ಕೆಲಸ ಇರುತ್ತೆ ಅಂದ್ಕೊಂಡಿದ್ದೆ.'

ಆ ದಿನದ ಭೇಟಿ ಅಲ್ಲಿಗೇ ಮುಗಿಯಿತು ಅನ್ನಬಹುದು. ಉಳಿದಿದ್ದು ಸಲಹೆ.

ಒಂದು, ಎಕೋ ಆಗುವವರೆಗೆ ಮರಿ ಇದ್ದಲ್ಲೇ ಇರಲಿ. ಎರಡು ದಿನ ಇಟ್ಟುಕೊಂಡು ನೋಡೋಣ ಅಂತ ತರೋದು ಸುಳ್ಳು. ಮನೆಗೆ ಬಂದ ಮರಿಯನ್ನು ವಾಪಸ್ ಕಳಿಸುವವರು ಕಡಿಮೆ. ಕಳಿಸಿದರೂ ಆ ತಪ್ಪಿತಸ್ಥ ಭಾವ ವರ್ಷಗಟ್ಟಲೆ ಬೆನ್ನು ಬಿಡಲ್ಲ. ಮೊದಲು ತಂದು ಆಮೇಲೆ ಯೋಚಿಸಿದರೆ ತೀರ್ಮಾನವನ್ನು ಕಾಲಿಗೆ ಬಿಟ್ಟು ತಲೆ ಹಿಂದೆ ಓಡಿದ ಹಾಗೆ. ಇನ್ನೊಂದು, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೂತು ಒಂದು ಹಾಳೆ ಬರೆಯಿರಿ. ಏನೂ ಇಲ್ಲ ಅಂದರೆ ಏನು ಮಾಡುತ್ತೇವೆ, ಗಂಭೀರ ಅಂದರೆ ಏನು, ನಡುವಿನದ್ದು ಅಂದರೆ ಏನು. ವರದಿ ಬರುವ ಮೊದಲೇ ಬರೆದು ಅದಲು ಬದಲು ಮಾಡಿಕೊಳ್ಳಿ. ವರದಿ ಕೈಗೆ ಬಂದ ಮೇಲೆ ಮಾತಾಡಿದರೆ ಜಗಳದಲ್ಲಿ ಗೆದ್ದವರ ಮಾತೇ ತೀರ್ಮಾನವಾಗುತ್ತದೆ. ಮತ್ತೆ ಈ ಮರಿ ಬೇಡ ಅನ್ನಲು ನಿಮಗೆ ಹಕ್ಕಿದೆ. ಅದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ಕೊನೆಯ ಸಲಹೆಗೇ ನನಗೆ ಬೈಗುಳ ಸಿಗುವುದು. ನನ್ನದೇ ವೃತ್ತಿಯ ಗೆಳತಿಯೊಬ್ಬಳು, 'ದುಃಖದಲ್ಲಿರೋರಿಗೆ ಪ್ರಾಣಿಗಳ ಸಹವಾಸ ಒಳ್ಳೇದು ಅಂತ ಗೊತ್ತಿದ್ದೂ ನೀನು ತಡೀತೀಯಲ್ಲ' ಅಂದಳು. ಸಹವಾಸ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ರೋಗಿಯ ಕೆಲಸವನ್ನು ಮರಿಗೆ ಹಚ್ಚುವುದರ ಬಗ್ಗೆ. ಯಾರಿಗಾದರೂ ನಾನು ಬೇಕು ಅನ್ನುವ ಹಂಬಲ ಆ ಯಾರೋ ಹುಷಾರಾಗಬಾರದು ಅನ್ನುವಲ್ಲಿಗೆ ಬಂದು ಮುಟ್ಟುವುದನ್ನು ಮನುಷ್ಯರ ಮಧ್ಯೆಯೇ ಸಾಕಷ್ಟು ನೋಡಿದ್ದೇನೆ. ನಾಯಿಗೆ ಅದನ್ನು ಬಾಯಿಬಿಟ್ಟು ಹೇಳಲೂ ಆಗಲ್ಲ. ಕಾಯಿಲೆ ಇರುವ ಪ್ರಾಣಿಯನ್ನು ತಿಳಿದೂ ತಿಳಿದೂ ಮನೆಗೆ ತರುವವರ ಬಗ್ಗೆ ನನಗೆ ತುಂಬಾ ಗೌರವವಿದೆ. ಅವರಿಗೆ ಗುಣವಾದರೆ ಖುಷಿಯಾಗುತ್ತದೆ. ನಾನು ನೋಡುವುದು ಅದೊಂದನ್ನೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಸಾಕಿದವರು ಪ್ರಾಮಾಣಿಕರು. ಎಲ್ಲರೂ ಹಾಗಿರಲ್ಲ. ತಾಯಿನಾಯಿಯನ್ನು ತೋರಿಸದ, ವೈದ್ಯರ ಚೀಟಿ ಕೊಡದ, 'ತಗೊಂಡು ಹೋಗದಿದ್ದರೆ ಸಾಯುತ್ತೆ' ಅಂತ ಕಣ್ಣೀರು ತರಿಸುವವರಿದ್ದಾರೆ. ಅಂಥವರಿಂದ ಕನಿಕರಕ್ಕೆ ಒಂದು ಮರಿ ಕೊಂಡರೆ ಮುಂದಿನ ಸೂಲಿಗೆ ದುಡ್ಡು ಕೊಟ್ಟ ಹಾಗೇ. ಅದೇ ತಾಯಿ, ಅದೇ ಗೂಡು, ಅದೇ ದೋಷ. ಇದನ್ನು ಹೇಳುವಾಗ ಎದುರಿಗಿದ್ದವರ ಕಣ್ಣಲ್ಲಿ ನಾನು ರಾಕ್ಷಸಿಯೇ ಆಗಿರುತ್ತೇನೆ. ಆದರೂ ಹೇಳುತ್ತೇನೆ.

ಎಕೋ ಆಯಿತು. ಶ್ವಾಸಕೋಶಕ್ಕೆ ರಕ್ತ ಕಳಿಸುವ ಕವಾಟ ಸ್ವಲ್ಪ ಕಿರಿದಾಗಿದೆ ಅಂತ ಬಂತು. ಸೌಮ್ಯ ಅಂದರು. ಕವಾಟದ ಆಚೆ ಈಚೆಯ ಒತ್ತಡದ ವ್ಯತ್ಯಾಸ 50 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇದ್ದರೆ ಸೌಮ್ಯ, 80 ದಾಟಿದರೆ ತೀವ್ರ. ತೀವ್ರವಾದರೆ ಬಲೂನು ಹಾಕಿ ಹಿಗ್ಗಿಸುತ್ತಾರೆ. ಸೌಮ್ಯವಾದ ನಾಯಿಗಳು ಸಾಮಾನ್ಯವಾಗಿ ಔಷಧಿ ಏನೂ ಇಲ್ಲದೆ ಪೂರ್ತಿ ಆಯಸ್ಸು ಬದುಕುತ್ತವೆ. ಬೆಳೆದ ಮೇಲೆ ಮತ್ತೊಮ್ಮೆ ಎಕೋ ಮಾಡಿಸಬೇಕು, ಅದರಿಂದ ಮರಿ ಹಾಕಿಸಬಾರದು. ಅಷ್ಟೇ.

ಇಬ್ಬರೂ ಹಾಳೆ ತಂದಿದ್ದರು. 'ಏನೂ ಇಲ್ಲ' ಅನ್ನುವ ಕಡೆ ಇಬ್ಬರೂ ತರೋಣ ಅಂತ ಬರೆದಿದ್ದರು. 'ಗಂಭೀರ' ಅನ್ನುವ ಕಡೆ ಆಕೆ ತರೋಣ ಅಂತ, ಗಂಡ ಬೇಡ ಅಂತ ಬರೆದಿದ್ದರು. ಖರ್ಚಿಗೆ ಹೆದರಿ ಬೇಡ ಅನ್ನುತ್ತಿದ್ದಾರೆ ಅಂತ ಆಕೆ ಅಷ್ಟು ದಿನ ನಂಬಿದ್ದರು. ಗಂಡನ ಹಾಳೆಯಲ್ಲಿ ಖರ್ಚಿನ ಮಾತೇ ಇರಲಿಲ್ಲ. 'ಇವಳು ಮತ್ತೆ ರಾತ್ರಿ ಎದ್ದು ಕೂರೋದನ್ನ ನನ್ನ ಕೈಲಿ ನೋಡೋಕಾಗಲ್ಲ' ಅಂತಿತ್ತು. ಆಕೆ ಅದನ್ನು ಓದಿ ಹಾಳೆ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ನನ್ನ ಎದುರಿಗೆ ಅದರ ಬಗ್ಗೆ ಮಾತಾಡಲಿಲ್ಲ. ನಾನೂ ಎತ್ತಲಿಲ್ಲ.

ನಡುವಿನ ಉತ್ತರಕ್ಕೆ ಇಬ್ಬರೂ ಜಾಸ್ತಿ ಏನೂ ಬರೆದಿರಲಿಲ್ಲ. ಬಂದಿದ್ದು ಅದೇ. ಹಾಗಾಗಿ ಆಕೆಗೆ ಬೇರೆ ಪ್ರಶ್ನೆ ಇಟ್ಟೆ. ಈ ಮರಿಗೆ ಕಾಯಿಲೆ ಇದೆ, ಆದರೆ ನಿಮ್ಮಿಂದ ಅದಕ್ಕೆ ಆರೈಕೆಯೇನೂ ಬೇಕಿಲ್ಲ. ಹಾಗಿದ್ದೂ ಬೇಕಾ? ಒಂದು ವಾರ ಯೋಚಿಸಿ ಬೇಕು ಅಂದರು. ಇನ್ನೂ ಸ್ವಲ್ಪ ಕಾಯಬಹುದಿತ್ತು ಅಂತ ನನಗನ್ನಿಸಿತು, ಹೇಳಿದೆ ಕೂಡ. ತೀರ್ಮಾನ ಅವರದು.

ತರುವುದಾದರೆ ಕೆಲವು ಮಾತು ಒಪ್ಪಿಕೊಳ್ಳಿ ಅಂದೆ. ಸ್ಟೆತಸ್ಕೋಪ್ ಮನೆಯಲ್ಲಿ ಇರಬಾರದು. ಎದೆ ಸದ್ದು ಕೇಳುವ ಕೆಲಸ ವೈದ್ಯರದು. ಆಡುವಾಗ ತಲೆಸುತ್ತಿ ಬಿದ್ದರೆ, ಬೇಗ ಸುಸ್ತಾದರೆ, ವಸಡು ಬಿಳಿಚಿಕೊಂಡರೆ, ಮಲಗಿದಾಗಲೂ ಉಸಿರು ಜೋರಾಗಿದ್ದರೆ ತಕ್ಷಣ ತೋರಿಸಿ. ನಿದ್ದೆಯಲ್ಲಿ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗಿರುತ್ತದೆ. ಆದರೆ ವೈದ್ಯರು ಎಣಿಸಿ ಅಂದರೆ ಮಾತ್ರ ಎಣಿಸಿ, ಸುಮ್ನೆ ರಾತ್ರಿಯಿಡೀ ಪಕ್ಕದಲ್ಲಿ ಕೂತು ಎಣಿಸಬೇಡಿ. ರಾತ್ರಿ ಮರಿ ಎದ್ದು ಕುಂಯ್ ಅಂದರೆ ಗಂಡ ಎದ್ದು ಹೊರಗೆ ಕರೆದುಕೊಂಡು ಹೋಗಲಿ. ಅದಕ್ಕೆ ಗಂಡ ತಕ್ಷಣ ಒಪ್ಪಿದರು. ಆಕೆ ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು.

ಆಕೆಯ ರಾತ್ರಿ ಎಚ್ಚರಕ್ಕೆ ಬೇರೆಯೇ ಭೇಟಿಗಳನ್ನು ಇಟ್ಟುಕೊಂಡೆವು. ಅಲ್ಲಿ ಮಾತೆಲ್ಲ ತಾಯಿಯದು. ಮರಿಯ ಸುದ್ದಿ ಬರುವುದು ಅಪರೂಪ. ಬಂದರೂ ಬರೀ ದೂರು. ಚಪ್ಪಲಿ ಒಂದನ್ನೂ ಬಿಡಲ್ಲ, ಕರೆದರೆ ತಿರುಗಿಯೂ ನೋಡಲ್ಲ, ಗಂಡ ಮುದ್ದು ಮಾಡಿ ಹಾಳು ಮಾಡಿದ್ದಾರೆ ಅಂತ.