ಶೇಂಗಾ ಚಟ್ನಿ, ಐದು ವರ್ಷದ ಮಗ, ಶಾಲೆಯಿಂದ ಬಂದ ಪತ್ರ

ನಿಮ್ಮ ಪ್ರಶ್ನೆ ಓದಿದೆ. ಧಾರವಾಡದಿಂದ ಅಮೆರಿಕದ ಡಲ್ಲಾಸ್ ಕಡೆಗೆ ಬಂದು ಇನ್ನೂ ಸಾಮಾನು ಬಿಚ್ಚಿ ಮುಗಿದಿಲ್ಲ, ಅಷ್ಟರಲ್ಲೇ ಮಗನ ಕಿಂಡರ್‌ಗಾರ್ಟನ್‌ನಿಂದ ಪತ್ರ ಬಂದಿದೆ. ಕ್ಲಾಸಿನಲ್ಲಿ ಒಂದು ಮಗುವಿಗೆ ಅಲರ್ಜಿ ಇದೆ, ಶೇಂಗಾ, ನಟ್ಸ್ ಕಳಿಸಬೇಡಿ ಅಂತ. ನಿಮ್ಮವನು ಶೇಂಗಾ ಚಟ್ನಿ ಇಲ್ಲದೆ ಚಪಾತಿ ಮುಟ್ಟಲ್ಲ. ಇದು ಅತಿಯಾಯಿತು ಅಲ್ವಾ, ಇಷ್ಟು ಸಣ್ಣವನಿಗೆ ಹೇಗೆ ತಿಳಿಸಿ ಹೇಳಲಿ ಅಂತ ಕೇಳಿದ್ದೀರಿ.

ಅತಿ ಏನಲ್ಲ. 2021ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕದ ಪ್ರಕಾರ ನೂರು ಮಕ್ಕಳಲ್ಲಿ ಸುಮಾರು ಆರು ಮಕ್ಕಳಿಗೆ ಆಹಾರದ ಅಲರ್ಜಿ ಇದೆ. ಅಂದರೆ ಇಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರಾದರೂ ಇರುತ್ತಾರೆ ಅಂತಿಟ್ಟುಕೊಳ್ಳಿ. ಕೆಲವರಿಗೆ ಮೈಮೇಲೆ ಗಂಧೆ ಏಳುತ್ತದೆ, ಅಷ್ಟೇ. ಕೆಲವರಿಗೆ ಗಂಟಲು ಊದಿಕೊಂಡು, ಉಸಿರು ಸಿಕ್ಕಿಹಾಕಿಕೊಂಡು, ಬಿಪಿ ಕುಸಿದು, ನಿಮಿಷಗಳಲ್ಲಿ ಜೀವಕ್ಕೇ ಬರುತ್ತದೆ. ಆಗ ತೊಡೆಗೆ ಎಪಿನೆಫ್ರಿನ್ ಅನ್ನೋ ತುರ್ತು ಔಷಧಿ ಚುಚ್ಚಿ, ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ನಮ್ಮಲ್ಲಿ ದೊಡ್ಡವರು "ಒಂದು ಚೂರು ತಿಂದರೆ ಏನೂ ಆಗಲ್ಲ ತಗೋ" ಅಂತಾರಲ್ಲ, ಅದೊಂದು ಮಾತು ಮಾತ್ರ ಇಲ್ಲಿ ಯಾರ ಮನೆ ಮಗುವಿಗೂ ಹೇಳಬೇಡಿ.

ಇನ್ನು ಮಗನ ವಿಷಯ. ನೀವು ಮೊಟ್ಟೆ, ಮಾಂಸ ತಿನ್ನಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಅರ್ಧ ಪಾಠ ಅವನಿಗೆ ಆಗಲೇ ಬಂದಿದೆ. ಕೇಕ್ ಕೊಟ್ಟರೆ ಮೊಟ್ಟೆ ಇದೆಯಾ, ಮಾರ್ಷ್‌ಮೆಲೋ ಕೊಟ್ಟರೆ ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಇದೆಯಾ ಅಂತ ಕೇಳಿ ತಿನ್ನುವ ಅಭ್ಯಾಸ ಇಲ್ಲಿನ ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ. "ನೀನು ಕೇಳುತ್ತೀಯಲ್ಲ, ಆ ಹುಡುಗನೂ ಹಾಗೇ ಕೇಳಿ ತಿನ್ನುತ್ತಾನೆ" ಅನ್ನಿ, ಥಟ್ಟನೆ ಅರ್ಥವಾಗುತ್ತದೆ. ಆದರೆ ಎರಡೂ ಒಂದೇ ಅಲ್ಲ ಅಂತಲೂ ಹೇಳಬೇಕು. ಇವನು ಗೊತ್ತಿಲ್ಲದೆ ಮೊಟ್ಟೆ ತಿಂದರೆ ನಮಗೆ ಕಸಿವಿಸಿ, ಅಷ್ಟೇ. ಅವನು ಗೊತ್ತಿಲ್ಲದೆ ಶೇಂಗಾ ತಿಂದರೆ ಆಂಬ್ಯುಲೆನ್ಸ್. "ಅವನ ಮೈಗೆ ಶೇಂಗಾ ಆಗಲ್ಲ, ಅದು ಅವನ ತಪ್ಪಲ್ಲ, ನಿನಗೆ ಅಂಟೋದೂ ಇಲ್ಲ." ಐದು ವರ್ಷಕ್ಕೆ ಇಷ್ಟು ಸಾಕು. ಸತ್ತುಹೋಗುತ್ತಾನೆ ಅಂತೆಲ್ಲ ಹೆದರಿಸಬೇಡಿ, ಆಮೇಲೆ ಆ ಹುಡುಗನ ಪಕ್ಕ ಕೂರೋಕೇ ಇವನು ಒಪ್ಪಲ್ಲ. "ಪಾಪ" ಅಂತಲೂ ಬೇಡ. ಆ ಮಗುವಿಗೆ ಬೇಕಾಗಿರುವುದು ಜೊತೆಗೆ ಆಡುವವರು, ಮರುಗುವವರಲ್ಲ.

ಕಷ್ಟ ಬರುವುದು ಹಂಚಿಕೊಳ್ಳುವ ವಿಷಯದಲ್ಲಿ. ಹುಟ್ಟಿದಾಗಿನಿಂದ "ಒಬ್ಬನೇ ತಿನ್ನಬೇಡ, ಎಲ್ಲರಿಗೂ ಕೊಡು" ಅಂತ ಕಲಿಸಿದ್ದೇವೆ. ಈಗ ಒಮ್ಮೆಲೇ ಡಬ್ಬಿಯಿಂದ ಯಾರಿಗೂ ಏನೂ ಕೊಡಬಾರದು ಅಂದರೆ ಅವನಿಗೆ ಗೊಂದಲ ಆಗೇ ಆಗುತ್ತದೆ. ಆಟದ ಸಾಮಾನು ಹಂಚಿಕೋ, ಕ್ರೇಯಾನ್ ಕೊಡು, ಊಟ ಮಾತ್ರ ಅವರವರದ್ದೇ ಅಂತ ಬಿಡಿಸಿ ಹೇಳಿ. ತಿಂದ ಮೇಲೆ ಸೋಪು ಹಾಕಿ ಕೈ ತೊಳೆಯೋದು ರೂಢಿ ಮಾಡಿಸಿ. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾದ ಅಂಶ ಕೈಯಿಂದ ಹೋಗಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಇನ್ನೊಂದು, ಗೆಳೆಯ ಗಂಟಲು ಕೆರೆಯುತ್ತಿದೆ ಅಂದರೆ ಅಥವಾ ಯಾರಾದರೂ ಬೇಕಂತ ಅವನ ಮುಖದ ಹತ್ತಿರ ಶೇಂಗಾ ಹಿಡಿದು ಆಟವಾಡಿಸಿದರೆ ತಕ್ಷಣ ಟೀಚರ್‌ಗೆ ಹೇಳಬೇಕು, ಅದು ಚಾಡಿ ಹೇಳಿದ ಹಾಗಲ್ಲ ಅಂತ ಮೊದಲೇ ಹೇಳಿಡಿ.

ಡಬ್ಬಿಗೆ ಏನು ಹಾಕಲಿ ಅಂತೀರಾ? ಹುರಿಗಡಲೆ ಚಟ್ನಿಪುಡಿ ಮಾಡಿ, ಚಿತ್ರಾನ್ನದ ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಸಾಕು. ಶೇಂಗಾ ಚಟ್ನಿ ಸಂಜೆ ಮನೆಯಲ್ಲಿ ತಿನ್ನಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಎಳ್ಳನ್ನು ಮರೆಯಬೇಡಿ. ಇಲ್ಲಿನ ಕಾನೂನಿನ ಮುಖ್ಯ ಅಲರ್ಜಿ ಪಟ್ಟಿಯಲ್ಲಿ ಮೊದಲು ಎಂಟು ಪದಾರ್ಥ ಇದ್ದವು, 2023ರ ಜನವರಿಯಿಂದ ಎಳ್ಳು ಒಂಬತ್ತನೆಯದು. ಸಂಕ್ರಾಂತಿಗೆ ಕ್ಲಾಸಿಗೆಲ್ಲ ಎಳ್ಳು ಬೆಲ್ಲ ಹಂಚೋಣ ಅಂತ ಇಲ್ಲಿ ಪ್ರತಿ ಹೊಸ ಅಮ್ಮನಿಗೂ ಆಸೆ ಆಗುತ್ತದೆ. ಎಳ್ಳು, ಶೇಂಗಾ ಎರಡೂ ಒಂದೇ ಪೊಟ್ಟಣದಲ್ಲಿ! ಬದಲಿಗೆ ಗಾಳಿಪಟದ ಸ್ಟಿಕರ್ ಕೊಡಿ. ಅಂಗಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ, ಗೋಧಿ ಆಗದ ಮಗು ಮನೆಗೆ ಊಟಕ್ಕೆ ಬಂದರೆ ಸಾರಿಗೂ ಆ ಇಂಗು ಬೇಡ. ಇಂಡಿಯನ್ ಸ್ಟೋರ್ ಕೌಂಟರ್‌ನಲ್ಲಿ ತೂಗಿ ಕೊಡುವ ಮಿಠಾಯಿಯಂತೂ ಒಂದೇ ಟ್ರೇ, ಒಂದೇ ಚಮಚ, ಅದನ್ನು ಬರ್ತ್‌ಡೇಗೆ ಕಳಿಸಲೇಬೇಡಿ.

ಅಕ್ಟೋಬರ್‌ನಲ್ಲಿ ಹ್ಯಾಲೋವೀನ್ ಬರುತ್ತದೆ, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್, ಮಿಠಾಯಿ ಕೇಳುವ ಹಬ್ಬ. ಕೆಲವು ಮನೆಗಳ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಕಾಣುತ್ತದೆ, ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಸಿಗುತ್ತದೆ ಅಂತ ಅದರ ಗುರುತು. ನೀವೂ ಒಂದಿಟ್ಟು ಪೆನ್ಸಿಲ್, ಸ್ಟಿಕರ್ ಕೊಡಿ, ಬಣ್ಣ ಹಚ್ಚುವ ಕೆಲಸ ಮಗನಿಗೇ ಬಿಡಿ.

ಒಂದು ದಿನ ಇವನ ಬಿಸಿಬೇಳೆಬಾತ್ ನೋಡಿ ಯಾರೋ ಮೂಗು ಮುಚ್ಚಿಕೊಳ್ಳುತ್ತಾರೆ, ಇವನು ಅಳುತ್ತಾ ಬರುತ್ತಾನೆ. ಅವತ್ತೇ ಬ್ರೆಡ್ ಜಾಮ್‌ಗೆ ಇಳಿಯಬೇಡಿ. ಬೇರೆಯವರ ಊಟಕ್ಕೆ ಛೀ ಅನ್ನಬಾರದು ಅಂತ ಟೀಚರ್‌ಗಳು ಇಲ್ಲಿ ಚಿಕ್ಕ ಕ್ಲಾಸಿನಲ್ಲೇ ಹೇಳಿಕೊಡುತ್ತಾರೆ, ಅವರಿಗೆ ಒಂದು ಸಾಲು ಬರೆದರೆ ಸಾಕು. ಹಾಗೇ ಇವನೂ ಪಕ್ಕದವನ ಟರ್ಕಿ ಸ್ಯಾಂಡ್‌ವಿಚ್ ನೋಡಿ ಛೀ ಅನ್ನಬಾರದು. ಇದನ್ನು ಹೇಳಿಕೊಡಲು ನಮ್ಮವರು ಸ್ವಲ್ಪ ಹಿಂದೆ, ನಿಜ ಹೇಳಬೇಕೆಂದರೆ.

ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಮೀಟ್ ದ ಟೀಚರ್ ಅಂತ ಒಂದು ದಿನ ಕರೆಯುತ್ತಾರೆ. ಆ ಪತ್ರ ಹಿಡಿದುಕೊಂಡೇ ಹೋಗಿ, ಎಳ್ಳು ಮತ್ತು ಕೊಬ್ಬರಿ ಬಗ್ಗೆ ಬಿಡಿಸಿ ಕೇಳಿ. ತೆಂಗಿನಕಾಯಿಯನ್ನು 2025ರಲ್ಲಿ ಇಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎ ನಟ್ಸ್ ಪಟ್ಟಿಯಿಂದ ತೆಗೆದಿದೆ, ಆದರೂ ಆ ಕ್ಲಾಸಿನ ಮಗುವಿಗೆ ಅದು ಆಗುತ್ತದೋ ಇಲ್ಲವೋ ಟೀಚರ್ ಹೇಳಬೇಕು. ಅಲ್ಲಿಯವರೆಗೆ ಡಬ್ಬಿಗೆ ಮೊಸರನ್ನ ಹಾಕಿ, ಗೋಡಂಬಿ ಒಗ್ಗರಣೆ ಬೇಡ.